ಇಲಿಯ ತಲೆ ಯಾವ ಕಡೆಗಿದೆ?

ಪ್ರಶ್ನೆ: ಮಿದುಳಿನ ವಿದ್ಯುತ್ ಸಂಕೇತ ನೋಡಿಯೇ ಇಲಿ ಯಾವ ದಿಕ್ಕಿಗೆ ಮುಖ ಮಾಡಿದೆ ಎಂದು ಹೇಳಬಹುದಂತೆ. ಹೇಗೆ?

ಉತ್ತರ: 1984ರಲ್ಲಿ ಅಮೆರಿಕದ ಜೇಮ್ಸ್ ರ‍್ಯಾಂಕ್ ಇಲಿಗಳ ಮಿದುಳಿನಲ್ಲಿ ‘ಹೆಡ್ ಡೈರೆಕ್ಷನ್’ (ತಲೆಯ ದಿಕ್ಕಿನ) ಕೋಶಗಳನ್ನು ಕಂಡರು. ಒಂದೊಂದು ಕೋಶಕ್ಕೂ ಒಂದು ಮೆಚ್ಚಿನ ದಿಕ್ಕು. ತಲೆ ಅತ್ತ ತಿರುಗಿದರೆ ಸ್ಪೈಕ್‌ಗಳ, ಅಂದರೆ ಕೋಶದ ಕಿರು ವಿದ್ಯುತ್ ಮಿಡಿತಗಳ, ಸುರಿಮಳೆ. ಅಲ್ಲಿಂದ ಸುಮಾರು 45 ಡಿಗ್ರಿ ಸರಿದರೆ ಹೆಚ್ಚುಕಡಿಮೆ ಮೌನ. ಭೂಮಿಯ ಕಾಂತಕ್ಕೂ ಇದಕ್ಕೂ ನಂಟಿಲ್ಲ.

ಮೊದಲು ಕೋಶಗಳ ಪರಿಚಯ ಮಾಡಿಕೊಳ್ಳಬೇಕು. ಇಲಿಯ ತಲೆಯ ಮೇಲೆ ಎರಡು ಬಣ್ಣದ ಎಲ್‌ಇಡಿ ಕೂರಿಸಿ, ಮೇಲಿನ ಕ್ಯಾಮೆರಾದಿಂದ ನಿಜವಾದ ಕೋನ ಅಳೆಯುತ್ತಾರೆ. 360 ಡಿಗ್ರಿಯನ್ನು 6 ಡಿಗ್ರಿಯ 60 ಪಾಲು ಮಾಡಿ, ಪ್ರತಿ ಪಾಲಿನ ಸ್ಪೈಕ್‌ಗಳನ್ನು ತಲೆ ಅಲ್ಲಿದ್ದ ಸೆಕೆಂಡುಗಳಿಂದ ಭಾಗಿಸುತ್ತಾರೆ. ಭಾಗಿಸದೆ ಬಿಟ್ಟರೆ ಇಲಿ ಹೆಚ್ಚು ಹೊತ್ತು ನೋಡಿದ ಗೋಡೆಯೇ ಕೋಶದ ಮೆಚ್ಚಿನ ದಿಕ್ಕಿನಂತೆ ಕಾಣುತ್ತದೆ.

ಆಮೇಲೆ ಓದುವುದು. ಪ್ರತಿ ಕೋಶವೂ ತನ್ನ ದಿಕ್ಕಿಗೆ ತೋರುವ ಬಾಣ, ಒಂದು ಸಲಕ್ಕೆ 100 ಮಿಲಿಸೆಕೆಂಡಿನಲ್ಲಿ ಅದು ಹೊಮ್ಮಿಸಿದ ಸ್ಪೈಕ್‌ಗಳ ಎಣಿಕೆಯೇ ಬಾಣದ ಉದ್ದ. ಎಲ್ಲ ಬಾಣ ಕೂಡಿಸಿದರೆ ತಲೆಯ ದಿಕ್ಕು. ಕೋನಗಳನ್ನು ನೇರವಾಗಿ ಸರಾಸರಿ ಮಾಡಬೇಡಿ: 350 ಮತ್ತು 10 ಡಿಗ್ರಿಯ ಸರಾಸರಿ 180 ಬರುತ್ತದೆ, ಅಂದರೆ ಇಲಿಯ ಬೆನ್ನ ಕಡೆ! ಸೈನ್, ಕೊಸೈನ್ ಬೇರೆ ಬೇರೆ ಕೂಡಿಸಿದರೆ ಸರಿಯಾಗಿ ಸೊನ್ನೆ ಸಿಗುತ್ತದೆ. ಸಿಕ್ಕ ಕೋಶಗಳೆಲ್ಲ ಒಂದೇ ಕಡೆಯವಾದರೆ ಮೊತ್ತವೂ ಅತ್ತಲೇ ವಾಲುತ್ತದೆ. ಆಗ ಬೇಯ್ಸ್ ವಿಧಾನವೇ ಮೇಲು: 60 ಪಾಲುಗಳಲ್ಲಿ ಯಾವುದರಿಂದ ಈ ಸ್ಪೈಕ್‌ಗಳು ಬಂದಿರುವ ಸಂಭವ ಹೆಚ್ಚು ಎಂದು ಲೆಕ್ಕ ಹಾಕುವುದು. ಇಲ್ಲಿ ಸುಮ್ಮನಿರುವ ಕೋಶವೂ ಸಾಕ್ಷಿ ಹೇಳುತ್ತದೆ.

ಸ್ಪೈಕ್ ಎಣಿಸುವ ಈ ಸಮಯದ ಕಿಂಡಿ ತೀರ ಕಿರಿದಾದರೆ ಎಣಿಸಲು ಸ್ಪೈಕ್‌ಗಳೇ ಇರುವುದಿಲ್ಲ. ಅರ್ಧ ಸೆಕೆಂಡಿಗೆ ಹಿಗ್ಗಿಸಿದರೆ, ಸೆಕೆಂಡಿಗೆ 200 ಡಿಗ್ರಿ ತಿರುಗುವ ತಲೆ ಅಷ್ಟರಲ್ಲಿ 100 ಡಿಗ್ರಿ ದಾಟಿರುತ್ತದೆ. ಪರಿಚಯಕ್ಕೆ ಬಳಸಿದ ದತ್ತಾಂಶದಲ್ಲೇ ಪರೀಕ್ಷೆ ನಡೆಸಿದರೆ ಅಂಕ ಚೆನ್ನಾಗಿಯೇ ಬರುತ್ತದೆ, ಆದರೆ ಅದನ್ನು ನಂಬುವಂತಿಲ್ಲ.

ಪ್ರಶ್ನೆ: ಕತ್ತಲಲ್ಲಿ ಈ ಲೆಕ್ಕ ತಪ್ಪುತ್ತದೆಯೆ?

ಉತ್ತರ: ಕ್ಯಾಮೆರಾಕ್ಕೆ ಹೋಲಿಸಿದರೆ ಮೆಲ್ಲಗೆ ತಪ್ಪುತ್ತ ಹೋಗುತ್ತದೆ. ಒಳಕಿವಿಯ ಸಮತೋಲನದ ಅಂಗ ತಿರುವುಗಳನ್ನು ಕೂಡಿಸುತ್ತಿದ್ದರೂ ಸಣ್ಣ ತಪ್ಪುಗಳು ಸೇರಿಕೊಳ್ಳುತ್ತವೆ. ಬೆಳಕಿನಲ್ಲಿ ಗೋಡೆಯ ಗುರುತಿನ ಹಲಗೆಯನ್ನು 90 ಡಿಗ್ರಿ ಸರಿಸಿದರೆ ಸಾಮಾನ್ಯವಾಗಿ ಎಲ್ಲ ಕೋಶಗಳ ಮೆಚ್ಚಿನ ದಿಕ್ಕುಗಳೂ ಒಟ್ಟಿಗೇ ಹೆಚ್ಚುಕಡಿಮೆ ಅಷ್ಟೇ ತಿರುಗುತ್ತವೆ, ಅವುಗಳ ನಡುವಿನ ಅಂತರ ಮಾತ್ರ ಕದಲದು. ನಾವು ಓದುತ್ತಿರುವುದು ತಾನು ಎತ್ತ ನೋಡುತ್ತಿದ್ದೇನೆಂದು ಮಿದುಳು ನಂಬಿರುವ ದಿಕ್ಕನ್ನು. ಚಿಟ್ಟಿಲಿಗಳು ನಿದ್ದೆಯಲ್ಲಿ ತಲೆ ಅಲುಗಿಸದಿದ್ದರೂ ಆ ಬಾಣ ತಿರುಗುತ್ತಲೇ ಇರುತ್ತದೆ.