ಹಾಲ್‌ನಲ್ಲಿ ಕಾಣುವ ಪ್ರಿಂಟರ್ ಮಹಡಿ ಮೇಲೆ ಯಾಕೆ ಕಾಣಲ್ಲ?

ಡ್ರೈವರ್ (ಪ್ರಿಂಟರ್ ನಡೆಸುವ ಸಾಫ್ಟ್‌ವೇರ್) ತೆಗೆದು ಮತ್ತೆ ಹಾಕುವುದನ್ನು ಮೊದಲು ನಿಲ್ಲಿಸಿ. ನಿಮ್ಮ ಪ್ರಿಂಟರ್‌ಗೆ ಏನೂ ಆಗಿಲ್ಲ, ಲ್ಯಾಪ್‌ಟಾಪ್‌ಗೂ ಏನೂ ಆಗಿಲ್ಲ.

ನೀವು ಹೇಳಿರುವುದು ಇಷ್ಟು. ಹೊಸ ಫೈಬರ್ ಕನೆಕ್ಷನ್ ಹಾಕಿಸಿದ ಮೇಲೆ ತೊಂದರೆ ಶುರುವಾಯಿತು. ಕೆಳಗೆ ಹಾಲ್‌ನಲ್ಲಿ ಕೂತರೆ ಲ್ಯಾಪ್‌ಟಾಪ್‌ನಲ್ಲಿ ಪ್ರಿಂಟರ್ ಕಾಣುತ್ತದೆ. ಮಹಡಿ ಮೇಲಿನ ರೂಮಿಗೆ ಹೋದರೆ ಮಾಯ. ಇಂಟರ್ನೆಟ್ ಎರಡೂ ಕಡೆ ಚೆನ್ನಾಗಿದೆ. ಪ್ರಿಂಟರ್‌ನ ವೈಫೈ ದೀಪ ಮಿನುಗದೆ ಉರಿಯುತ್ತಿದೆ. ಕೊನೆಗೆ ಇನ್ನೊಂದು ಮಾತು ಸೇರಿಸಿದ್ದೀರಿ: ಮೇಲೆ ಸಿಗ್ನಲ್ ಸಿಗಲಿ ಅಂತ ಹಳೆ ರೌಟರ್‌ಗೆ ಕೆಳಗಿನಿಂದ ಕೇಬಲ್ ಎಳೆಸಿದ್ದೀರಿ. ಎಲ್ಲರ ಮೊಬೈಲ್‌ಗೂ ಮತ್ತೆ ಪಾಸ್‌ವರ್ಡ್ ಹಾಕುವ ಗೋಜು ಬೇಡ ಅಂತ ಎರಡಕ್ಕೂ ಒಂದೇ ವೈಫೈ ಹೆಸರು, ಒಂದೇ ಪಾಸ್‌ವರ್ಡ್ ಇಟ್ಟಿದ್ದೀರಿ.

ಉತ್ತರ ಇರುವುದು ಆ ಕೊನೆಯ ಮಾತಿನಲ್ಲಿ. ವೈಫೈ ಹೆಸರು ಒಂದೇ ಆದ ಮಾತ್ರಕ್ಕೆ ನೆಟ್‌ವರ್ಕ್ ಒಂದೇ ಆಗುವುದಿಲ್ಲ. ಕಂಪನಿಯವರು ಕೊಟ್ಟ ಫೈಬರ್ ಬಾಕ್ಸ್ ಬರೀ ಮೋಡೆಮ್ ಅಲ್ಲ, ಅದೂ ಒಂದು ರೌಟರ್. ತನ್ನ ಜೊತೆ ಸೇರಿದವರಿಗೆ ತಾನೇ ಐಪಿ ವಿಳಾಸ, ಅಂದರೆ ನೆಟ್‌ವರ್ಕ್‌ನಲ್ಲಿ ಗುರುತಿಸುವ ಸಂಖ್ಯೆ, ಹಂಚುತ್ತದೆ. ಮಹಡಿ ಮೇಲಿನ ನಿಮ್ಮ ಹಳೆ ರೌಟರ್ ಕೂಡ ಅದೇ ಕೆಲಸ ಮಾಡುತ್ತದೆ, ಬೇರೆ ವಿಳಾಸಗಳನ್ನು ಹಂಚುತ್ತದೆ. ಲ್ಯಾಪ್‌ಟಾಪ್ ಎಲ್ಲಿ ಸಿಗ್ನಲ್ ಜಾಸ್ತಿಯೋ ಅಲ್ಲಿಗೆ ಸೇರಿಕೊಳ್ಳುತ್ತದೆ. ಹೆಸರು ಒಂದೇ ಇರುವುದರಿಂದ ಯಾವುದಕ್ಕೆ ಸೇರಿದೆ ಅಂತ ನಿಮಗೆ ಗೊತ್ತೇ ಆಗುವುದಿಲ್ಲ.

ಇನ್ನು ಪ್ರಿಂಟರ್ ಯಾಕೆ ಕಾಣುವುದಿಲ್ಲ? ನೀವು ಹುಡುಕಲು ಒತ್ತಿದಾಗ ಲ್ಯಾಪ್‌ಟಾಪ್ ಯಾವ ಪಟ್ಟಿಯನ್ನೂ ತೆರೆದು ನೋಡುವುದಿಲ್ಲ. ಕೇರಿಯ ನಡುವೆ ನಿಂತು "ಇಲ್ಲಿ ಪ್ರಿಂಟರ್ ಯಾರಾದರೂ ಇದ್ದೀರಾ?" ಅಂತ ಕೂಗಿದ ಹಾಗೆ ಒಂದು ಸಂದೇಶ ಬಿಡುತ್ತದೆ. ಕೇಳಿಸಿಕೊಂಡ ಪ್ರಿಂಟರ್ "ನಾನಿದ್ದೇನೆ" ಅನ್ನುತ್ತದೆ. ಆಪಲ್ 2002ರಲ್ಲಿ ತಂದ, ಈಗ ಬಾನ್ಜೂರ್ ಅನ್ನುವ ಹುಡುಕುವ ವ್ಯವಸ್ಥೆ ನಡೆಯುವುದು ಹೀಗೇ, ಐಫೋನ್‌ನಿಂದ ಪ್ರಿಂಟ್ ಮಾಡುವ ಏರ್‌ಪ್ರಿಂಟ್ ಕೂಡ ಅದರ ಮೇಲೇ ನಿಂತಿದೆ. ವಿಂಡೋಸ್ ಬಳಸುವ ವಿಧಾನಗಳಲ್ಲಿ ಕೆಲವು ಬೇರೆ, ಆದರೆ ಅಲ್ಲೂ ಕೂಗುವುದೇ ಕೆಲಸ. ಬಾನ್ಜೂರ್‌ನ ಕೂಗು 224.0.0.251 ಎಂಬ ವಿಳಾಸಕ್ಕೆ ಹೋಗುತ್ತದೆ. ಈ ವಿಳಾಸಕ್ಕೆ ಹೋದದ್ದನ್ನು ರೌಟರ್ ಆಚೆ ದಾಟಿಸುವುದಿಲ್ಲ. ದಾಟಿಸಬಾರದು ಅಂತಲೇ ನಿಯಮ. ಹಾಗಾಗಿ ಮೇಲಿನ ರೌಟರ್‌ಗೆ ಸೇರಿದ ಲ್ಯಾಪ್‌ಟಾಪ್ ಎಷ್ಟು ಕೂಗಿದರೂ ಕೆಳಗಿನ ಪ್ರಿಂಟರ್‌ಗೆ ಕೇಳಿಸುವುದಿಲ್ಲ.

ನನ್ನ ಮಾತು ನಂಬಬೇಡಿ, ನೀವೇ ನೋಡಿ. ಪ್ರಿಂಟರ್‌ನಿಂದ ನೆಟ್‌ವರ್ಕ್ ಕಾನ್ಫಿಗರೇಶನ್ ಪೇಜ್ ಅಂತ ಒಂದು ಹಾಳೆ ತೆಗೆಯಬಹುದು. ಪರದೆ ಇರುವ ಮಾಡೆಲ್ ಆದರೆ ಮೆನುವಿನಲ್ಲಿ ನೆಟ್‌ವರ್ಕ್ ಅಥವಾ ವೈರ್‌ಲೆಸ್ ಒಳಗೆ ಸಿಗುತ್ತದೆ. ಪರದೆ ಇಲ್ಲದಿದ್ದರೆ ಯಾವುದೋ ಎರಡು ಬಟನ್ ಒಟ್ಟಿಗೆ ಒತ್ತಬೇಕು, ಅದು ಮಾಡೆಲ್‌ನಿಂದ ಮಾಡೆಲ್‌ಗೆ ಬೇರೆ, ಮ್ಯಾನ್ಯುಯಲ್ ನೋಡಿ. ಹಾಳೆ ತುಂಬಾ ಸಣ್ಣ ಅಕ್ಷರ ಇರುತ್ತದೆ. ನಿಮಗೆ ಬೇಕಾದದ್ದು ಎರಡೇ ಸಾಲು: ಐಪಿ ಅಡ್ರೆಸ್ ಮತ್ತು ಡೀಫಾಲ್ಟ್ ಗೇಟ್‌ವೇ (ಅದು ಸೇರಿರುವ ರೌಟರ್‌ನ ವಿಳಾಸ). ಐಪಿ 192.168.1.7, ಗೇಟ್‌ವೇ 192.168.1.1 ಅಂತಿದೆ ಅಂದುಕೊಳ್ಳಿ. ಈಗ ಮೇಲಿನ ರೂಮಿನಲ್ಲಿ ಕೂತು ಲ್ಯಾಪ್‌ಟಾಪ್‌ನ ಸೆಟ್ಟಿಂಗ್ಸ್‌ನಲ್ಲಿ ವೈಫೈ ಪ್ರಾಪರ್ಟೀಸ್ ತೆರೆಯಿರಿ. ಅಲ್ಲಿ ಐಪಿವಿ4 ಅಡ್ರೆಸ್ 192.168.0.12 ಅಂತ ಬಂದರೆ ಮುಗಿಯಿತು. ಚುಕ್ಕೆಗಳ ನಡುವಿನ ಮೊದಲ ಮೂರು ಸಂಖ್ಯೆ ಹೊಂದಬೇಕು. ಒಂದು ಕಡೆ 192.168.1, ಇನ್ನೊಂದು ಕಡೆ 192.168.0 ಇದ್ದರೆ ಇಬ್ಬರೂ ಬೇರೆ ಬೇರೆ ನೆಟ್‌ವರ್ಕ್‌ನಲ್ಲಿದ್ದಾರೆ.

ಹಾಳೆಯಲ್ಲಿ 169.254 ಅಂತ ಶುರುವಾಗುವ ವಿಳಾಸ ಬಂದರೆ ಕಥೆ ಬೇರೆ. ಪ್ರಿಂಟರ್‌ಗೆ ಯಾರೂ ವಿಳಾಸ ಕೊಟ್ಟಿಲ್ಲ, ತಾನೇ ಒಂದನ್ನು ಇಟ್ಟುಕೊಂಡಿದೆ ಅಂತ ಅರ್ಥ. ನಮ್ಮಲ್ಲಿ ಕರೆಂಟ್ ಹೋಗಿ ಬಂದಾಗ ಇದು ಆಗುತ್ತದೆ. ಪ್ರಿಂಟರ್ ಬೇಗ ಎದ್ದುಬಿಡುತ್ತದೆ, ಫೈಬರ್ ಬಾಕ್ಸ್ ಸಾವಕಾಶವಾಗಿ ಏಳುತ್ತದೆ. ಬಾಕ್ಸ್ ಪೂರ್ತಿ ಎದ್ದ ಮೇಲೆ ಪ್ರಿಂಟರ್ ಆಫ್ ಮಾಡಿ ಆನ್ ಮಾಡಿದರೆ ಸಾಕು. ಆದರೆ ನಿಮ್ಮದು ಇದಲ್ಲ. ಹಾಲ್‌ನಲ್ಲಿ ಕಾಣುತ್ತಿದೆ ಅಲ್ವಾ?

ಇನ್ನೊಂದು ಪರೀಕ್ಷೆ ಮಾಡಿ, ಇದು ನನಗೆ ಇಷ್ಟವಾದದ್ದು. ಮಹಡಿ ಮೇಲೇ ಕೂತು ಬ್ರೌಸರ್‌ನಲ್ಲಿ ವೆಬ್‌ಸೈಟ್ ಹೆಸರಿನ ಬದಲು ಪ್ರಿಂಟರ್‌ನ ಐಪಿ ಬರೆದು ಎಂಟರ್ ಒತ್ತಿ. ಸುರಕ್ಷಿತವಲ್ಲ ಅಂತ ಬ್ರೌಸರ್ ಹೆದರಿಸಬಹುದು, ಮನೆಯದೇ ಪ್ರಿಂಟರ್, ಮುಂದುವರಿಯಿರಿ. ಬಹುಪಾಲು ಪ್ರಿಂಟರ್‌ಗಳಲ್ಲಿ ಇಂಕ್ ಎಷ್ಟಿದೆ ಅಂತ ತೋರಿಸುವ ಪುಟ ತೆರೆದುಕೊಳ್ಳುತ್ತದೆ. ಹುಡುಕಿದರೆ ಸಿಗದ ಪ್ರಿಂಟರ್ ವಿಳಾಸ ಬರೆದರೆ ಸಿಗುತ್ತದೆ! ಕಾರಣ ಸರಳ. ನಿಮ್ಮ ಹಳೆ ರೌಟರ್ ಫೈಬರ್ ಬಾಕ್ಸ್‌ನ ಹಿಂದೆ ಇದೆ. ಒಳಗಿನಿಂದ ಹೊರಗೆ ಹೋಗುವ ಮಾತನ್ನು ಅದು ಬಿಡುತ್ತದೆ, ಇಂಟರ್ನೆಟ್‌ಗೆ ಬಿಡುವ ಹಾಗೆಯೇ. ಕೂಗು ಮಾತ್ರ ದಾಟುವುದಿಲ್ಲ. ಪ್ರಿಂಟರ್ ಮೇಲಿದ್ದು ಲ್ಯಾಪ್‌ಟಾಪ್ ಕೆಳಗಿದ್ದರೆ ವಿಳಾಸ ಬರೆದರೂ ಸಿಗುತ್ತಿರಲಿಲ್ಲ.

ಅಂದರೆ ಇವತ್ತೇ ಪ್ರಿಂಟ್ ಬೇಕಿದ್ದರೆ ದಾರಿ ಇದೆ. ವಿಂಡೋಸ್ 11ರಲ್ಲಿ ಪ್ರಿಂಟರ್ಸ್ ಅಂಡ್ ಸ್ಕ್ಯಾನರ್ಸ್‌ಗೆ ಹೋಗಿ ಆ್ಯಡ್ ಡಿವೈಸ್ ಒತ್ತಿ, ಸ್ವಲ್ಪ ಕಾಯಿರಿ. ಕೆಳಗೆ ಆ್ಯಡ್ ಮ್ಯಾನ್ಯುಯಲಿ ಅಂತ ಬರುತ್ತದೆ. ಅದರಲ್ಲಿ ಐಪಿ ಅಡ್ರೆಸ್ ಕೊಟ್ಟು ಸೇರಿಸುವ ಆಯ್ಕೆ ಹಿಡಿದು, ಡಿವೈಸ್ ಟೈಪ್‌ನಲ್ಲಿ ಟಿಸಿಪಿ/ಐಪಿ ಡಿವೈಸ್ ಆರಿಸಿ, ವಿಳಾಸ ಬರೆಯಿರಿ. ಪ್ರಿಂಟರ್ ಆನ್ ಇದ್ದರೂ ಆಮೇಲೆ ಆಫ್‌ಲೈನ್ ಅಂತ ತೋರಿಸಿದರೆ ಪ್ರಿಂಟರ್ ಪ್ರಾಪರ್ಟೀಸ್‌ನ ಪೋರ್ಟ್ಸ್‌ಗೆ ಹೋಗಿ ಕಾನ್ಫಿಗರ್ ಪೋರ್ಟ್ ಒತ್ತಿ. ಎಸ್ಎನ್ಎಂಪಿ ಸ್ಟೇಟಸ್ ಅಂತ ಇರುವ ಕಡೆ ಟಿಕ್ ತೆಗೆಯಿರಿ.

ಆದರೆ ಇದು ತಾತ್ಕಾಲಿಕ. ಸ್ಕ್ಯಾನ್ ಮಾಡಿದ್ದನ್ನು ಪ್ರಿಂಟರ್‌ನಿಂದ ಲ್ಯಾಪ್‌ಟಾಪ್‌ಗೆ ಕಳಿಸಲು ಹೋದರೆ ಮತ್ತೆ ಸಿಕ್ಕಿಹಾಕಿಕೊಳ್ಳುತ್ತೀರಿ. ಮೇಲಿರುವ ಮೊಬೈಲ್‌ಗಳಿಗೂ ಪ್ರಿಂಟರ್ ಕಾಣುವುದಿಲ್ಲ. ಸರಿಯಾದ ಕೆಲಸ ಅಂದರೆ ಎರಡು ನೆಟ್‌ವರ್ಕ್ ಅನ್ನು ಒಂದು ಮಾಡುವುದು. ಹಳೆ ರೌಟರ್‌ನ ಸೆಟ್ಟಿಂಗ್ಸ್‌ನಲ್ಲಿ ಆಪರೇಶನ್ ಮೋಡ್ ಅಂತ ಹುಡುಕಿ, ಅಕ್ಸೆಸ್ ಪಾಯಿಂಟ್ ಮೋಡ್‌ಗೆ ಬದಲಾಯಿಸಿ. ಆಗ ಅದು ವಿಳಾಸ ಹಂಚುವುದನ್ನು ಬಿಟ್ಟು ಬರೀ ಸಿಗ್ನಲ್ ಹರಡುತ್ತದೆ. ವಿಳಾಸ ಎಲ್ಲರಿಗೂ ಫೈಬರ್ ಬಾಕ್ಸ್‌ನಿಂದಲೇ. ಒಂದೇ ಹೆಸರು, ಒಂದೇ ಪಾಸ್‌ವರ್ಡ್ ಹಾಗೇ ಇರಲಿ, ಈಗ ಅದರಿಂದ ಅನುಕೂಲವೇ.

ಹಳೆ ರೌಟರ್‌ನಲ್ಲಿ ಆ ಮೋಡ್ ಇಲ್ಲವೇ? ಕೈಯಿಂದ ಮಾಡಬಹುದು. ಮೊದಲು ರೌಟರ್‌ನ ಲ್ಯಾನ್ ವಿಳಾಸವನ್ನು (ಮನೆಯೊಳಗಿನ ನೆಟ್‌ವರ್ಕ್‌ನಲ್ಲಿ ಅದರದೇ ವಿಳಾಸ) ಫೈಬರ್ ಬಾಕ್ಸ್‌ನ ಸಾಲಿಗೆ ತನ್ನಿ, ಅಂದರೆ 192.168.1.250 ಥರದ್ದು, ಬೇರೆ ಯಾರಿಗೂ ಹೋಗದ ಒಂದು ವಿಳಾಸ. ಆ ಹೊಸ ವಿಳಾಸದಲ್ಲಿ ಮತ್ತೆ ಲಾಗಿನ್ ಆಗಿ ಡಿಎಚ್‌ಸಿಪಿ, ಅಂದರೆ ವಿಳಾಸ ಹಂಚುವ ಕೆಲಸ, ಆಫ್ ಮಾಡಿ. ಕೊನೆಗೆ ಕೆಳಗಿನಿಂದ ಬಂದ ಕೇಬಲ್ ಅನ್ನು ವ್ಯಾನ್ (ಇಂಟರ್ನೆಟ್ ಬರುವ) ಪೋರ್ಟ್‌ನಿಂದ ಕಿತ್ತು ಲ್ಯಾನ್ ಪೋರ್ಟ್‌ಗೆ ಹಾಕಿ. ಲ್ಯಾನ್ ವಿಳಾಸ ಬದಲಾಯಿಸದೆ ಡಿಎಚ್‌ಸಿಪಿ ಮೊದಲೇ ಆಫ್ ಮಾಡಿದರೆ ರೌಟರ್‌ನ ಸೆಟ್ಟಿಂಗ್ಸ್ ಪುಟಕ್ಕೆ ಮತ್ತೆ ಹೋಗಲು ಪರದಾಡಬೇಕಾಗುತ್ತದೆ. ಅದಕ್ಕೇ ಈ ಕ್ರಮ.

ಆಮೇಲೆ ಎಲ್ಲದರ ವೈಫೈ ಒಂದು ಸಲ ಆಫ್ ಮಾಡಿ ಆನ್ ಮಾಡಿ. ಇಷ್ಟಾದ ಮೇಲೆ ಫೈಬರ್ ಬಾಕ್ಸ್‌ನಲ್ಲಿ ಅಡ್ರೆಸ್ ರಿಸರ್ವೇಶನ್ ಇದ್ದರೆ ಪ್ರಿಂಟರ್‌ಗೆ ಒಂದು ವಿಳಾಸ ಕಾಯಂ ಮಾಡಿಸಿ. ಕಂಪನಿಯವರು ಬಾಕ್ಸ್‌ನ ಅಡ್ಮಿನ್ ಪಾಸ್‌ವರ್ಡ್ ಕೊಡದಿದ್ದರೆ ಕಸ್ಟಮರ್ ಕೇರ್‌ಗೆ ಹೇಳಿ ಮಾಡಿಸಬೇಕು.

ನಿಮ್ಮ ಪ್ರಶ್ನೆಗೆ ಬಂದ ಇನ್ನೊಂದು ಸಲಹೆ ಓದಿದೆ: ಪ್ರಿಂಟರ್ ವೈಫೈನ 2.4 ಗಿಗಾಹರ್ಟ್ಸ್ ಬ್ಯಾಂಡ್‌ನಲ್ಲಿದೆ (ರೇಡಿಯೋ ಅಲೆಗಳ ಒಂದು ಶ್ರೇಣಿ), ಲ್ಯಾಪ್‌ಟಾಪ್ 5ರಲ್ಲಿದೆ, ಅದಕ್ಕೇ ಕಾಣುತ್ತಿಲ್ಲ ಅಂತ. ಇದು ಅರ್ಧ ನಿಜ. ಮನೆ ಪ್ರಿಂಟರ್‌ಗಳಲ್ಲಿ ಬಹಳಷ್ಟಕ್ಕೆ 2.4 ಮಾತ್ರ ಬರುತ್ತದೆ, ಹಾಗಾಗಿ ವೈಫೈಗೆ ಸೇರಿಸುವಾಗ ಅದು ಮುಖ್ಯ. ಸೇರಿದ ಮೇಲೆ ಒಂದೇ ರೌಟರ್‌ನ ಎರಡು ಬ್ಯಾಂಡ್‌ಗಳು ಸಾಮಾನ್ಯವಾಗಿ ಒಂದೇ ನೆಟ್‌ವರ್ಕ್. ಸುಮ್ನೆ ಲ್ಯಾಪ್‌ಟಾಪ್ ಅನ್ನು 2.4ಕ್ಕೆ ಇಳಿಸಿ ಸ್ಪೀಡ್ ಕಳೆದುಕೊಳ್ಳಬೇಡಿ.

ನೆಟ್‌ವರ್ಕ್ ಒಂದಾದ ಮೇಲೂ ಕಾಣದಿದ್ದರೆ ಮೂರು ಕಡೆ ಕಣ್ಣು ಹಾಯಿಸಿ. ಲ್ಯಾಪ್‌ಟಾಪ್ ಆಫೀಸಿನದಾಗಿದ್ದು ವಿಪಿಎನ್ (ಆಫೀಸ್ ನೆಟ್‌ವರ್ಕ್‌ಗೆ ಸೇರಿಸುವ ಸಂಪರ್ಕ) ಆನ್ ಇದ್ದರೆ ಆಫ್ ಮಾಡಿ ನೋಡಿ. ವಿಂಡೋಸ್‌ನಲ್ಲಿ ಮನೆಯ ವೈಫೈ ಪಬ್ಲಿಕ್ ಅಂತಿದ್ದರೆ ಪ್ರೈವೇಟ್ ಮಾಡಿ. ರೌಟರ್‌ನಲ್ಲಿ ಎಪಿ ಐಸೊಲೇಶನ್ ಅಥವಾ ಕ್ಲೈಂಟ್ ಐಸೊಲೇಶನ್ (ವೈಫೈಗೆ ಸೇರಿದವು ಒಂದಕ್ಕೊಂದು ಕಾಣದಂತೆ ತಡೆಯುವ ಸೆಟ್ಟಿಂಗ್) ಆನ್ ಆಗಿದ್ದರೆ ಆಫ್ ಮಾಡಿ. ಗೆಸ್ಟ್ ವೈಫೈಗಳಲ್ಲಿ ಇದು ಮೊದಲಿನಿಂದಲೇ ಆನ್ ಇರುವುದು ಜಾಸ್ತಿ.

ಆಗಲೂ ಬರದಿದ್ದರೆ ಪ್ರಿಂಟರ್ ಹಾಳೆಯ ಐಪಿ, ಗೇಟ್‌ವೇ ಮತ್ತು ಮೇಲಿನ ರೂಮಿನಲ್ಲಿ ಲ್ಯಾಪ್‌ಟಾಪ್ ತೋರಿಸುವ ಐಪಿ ಇಲ್ಲಿ ಬರೆಯಿರಿ. 192.168 ವಿಳಾಸಗಳು ಮನೆಯೊಳಗಿನವು, ಹಾಕಿದರೆ ತೊಂದರೆ ಇಲ್ಲ. ಹಾಳೆಯ ಫೋಟೋ ಮಾತ್ರ ಹಾಕಬೇಡಿ, ಕೆಲವು ಮಾಡೆಲ್‌ಗಳು ಅದರಲ್ಲಿ ವೈಫೈ ಡೈರೆಕ್ಟ್‌ನ (ರೌಟರ್ ಇಲ್ಲದೆ ಪ್ರಿಂಟರ್‌ಗೆ ನೇರವಾಗಿ ಸೇರುವ ವೈಫೈ) ಪಾಸ್‌ವರ್ಡ್ ಕೂಡ ಅಚ್ಚು ಹಾಕಿರುತ್ತವೆ.