40 ಹತ್ತಿರ ಬಂತು, ಇಂಗ್ಲಿಷ್ ಅಷ್ಟಕ್ಕಷ್ಟೆ. ಈಗ ಜಪಾನಿ ಭಾಷೆ ಕಲಿಯಲು ಆಗುತ್ತಾ?

ನೀವು ಬರೆದದ್ದು ಇಷ್ಟು: ಮನೆ ಮಂಡ್ಯದಲ್ಲಿ, ಕೆಲಸ ಬಿಡದಿ ಕಡೆಯ ಕಾರ್ಖಾನೆಯಲ್ಲಿ, ಓದಿದ್ದು ಕನ್ನಡ ಮಾಧ್ಯಮ. ಜಪಾನಿನಿಂದ ಬರುವ ಎಂಜಿನಿಯರುಗಳ ಹತ್ತಿರ ನೇರವಾಗಿ ಮಾತಾಡುವ ಆಸೆ. ಅದಕ್ಕೆ ಮೊದಲು ಇಂಗ್ಲಿಷ್ ಸರಿಮಾಡಿಕೊಳ್ಳಬೇಕಾ ಅಂತ ಕೇಳಿದ್ದೀರಿ.

ಬೇಡ. ಖಂಡಿತ ಬೇಡ. ಜಪಾನಿಯನ್ನು ಕನ್ನಡದಿಂದಲೇ ಕಲಿಯಿರಿ. ನಾನು ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ಕೆಲಸ ಮಾಡುತ್ತಾ, ಮನೆ ಮಕ್ಕಳನ್ನೂ ನೋಡಿಕೊಳ್ಳುತ್ತಾ ಹೀಗೇ ಕಲಿತೆ. ಇಂಗ್ಲಿಷ್ ಪುಸ್ತಕಗಳು ಪುಟಗಟ್ಟಲೆ ವಿವರಿಸುವ ಎಷ್ಟೋ ಸಂಗತಿ ನಮಗೆ ಹುಟ್ಟಿನಿಂದಲೇ ಗೊತ್ತು.

ಒಂದು ಉದಾಹರಣೆ ನೋಡಿ. ‘ನಾನು ನಿನ್ನೆ ಕೊಂಡ ಪುಸ್ತಕ’ ಅನ್ನುವುದಕ್ಕೆ ಜಪಾನಿಯಲ್ಲಿ ‘ವತಶಿ ಗ ಕಿನೋ ಕತ್ತ ಹೊನ್’. ವತಶಿ ಅಂದರೆ ನಾನು, ಗ ಕರ್ತೃವನ್ನು ತೋರಿಸುವ ಪ್ರತ್ಯಯ, ಕಿನೋ ನಿನ್ನೆ, ಕತ್ತ ಕೊಂಡ, ಹೊನ್ ಪುಸ್ತಕ. ಒಂದು ಪದವನ್ನೂ ಹಿಂದೆ ಮುಂದೆ ಮಾಡಬೇಕಾಗಿಲ್ಲ. ಪೂರ್ತಿ ವಾಕ್ಯದಲ್ಲಿ ಕ್ರಿಯಾಪದ ಕೊನೆಗೇ ಬರುತ್ತದೆ. ವಿಭಕ್ತಿ ನಮ್ಮ ಹಾಗೇ ಪದದ ಹಿಂದೆ ಕೂರುತ್ತದೆ: ‘ಮಂಡ್ಯ ಕರ’ ಅಂದರೆ ಮಂಡ್ಯದಿಂದ. ಇನ್ನೂ ಖುಷಿ ಕೊಡುವುದು ಜೋಡಿ ಕ್ರಿಯಾಪದಗಳು. ತಬೆತೆ ಅಂದರೆ ತಿಂದು, ಮಿರು ಅಂದರೆ ನೋಡು. ‘ತಬೆತೆ ಮಿರು’ ಅಂದರೆ ತಿಂದು ನೋಡುತ್ತೇನೆ. ‘ತಬೆತೆ ಶಿಮತ್ತ’ ಅಂದರೆ ತಿಂದುಬಿಟ್ಟೆ. ಆ ‘ಬಿಟ್ಟೆ’ಯಲ್ಲಿರುವ ‘ಅಯ್ಯೋ, ಮುಗಿದೇ ಹೋಯ್ತು’ ಅನ್ನುವ ಭಾವವೂ ಅಲ್ಲಿದೆ. ಇದನ್ನು ಇಂಗ್ಲಿಷಿಗೆ ತಂದು ಅರ್ಥ ಮಾಡಿಕೊಳ್ಳುವುದು ಸುಮ್ನೆ ಸುತ್ತುದಾರಿ, ಅಲ್ವಾ?

ಉಚ್ಚಾರಣೆಯೂ ಹಾಗೇ. ಒಬಸನ್ ಅಂದರೆ ಅತ್ತೆ, ಚಿಕ್ಕಮ್ಮ. ಒಬಾಸನ್ ಅಂದರೆ ಅಜ್ಜಿ. ಬಳೆ-ಬಾಳೆ, ಕತೆ-ಕತ್ತೆ ಅಂತ ಬೇರೆಬೇರೆಯಾಗಿ ಹೇಳಿ ಬೆಳೆದ ನಮ್ಮ ಕಿವಿಗೆ ಈ ವ್ಯತ್ಯಾಸ ಬೇಗ ಸಿಗುತ್ತದೆ. ಶುರುವಿನಲ್ಲಿ ಪದಗಳನ್ನು ಕನ್ನಡ ಲಿಪಿಯಲ್ಲೇ ಬರೆದುಕೊಳ್ಳಿ. ಆದರೆ ಅಲ್ಲೇ ನಿಲ್ಲಬೇಡಿ. ಜಪಾನಿಯಲ್ಲಿ ಉಚ್ಚಾರಣೆಯಂತೆ ಬರೆಯುವ ಲಿಪಿ ಎರಡು: ಹಿರಗಾನದಲ್ಲಿ ಮೂಲ ಅಕ್ಷರ 46, ಕಟಕಾನದಲ್ಲೂ ಅಷ್ಟೇ. ದಿನಾ ನಾಲ್ಕೈದು ಅಕ್ಷರ ಕೈಯಲ್ಲಿ ಬರೆದರೆ ಬೇಗ ಮುಗಿಯುತ್ತದೆ. ನಿಜವಾಗಿ ಕಷ್ಟ ಇರುವುದು ಕಾಂಜಿಯಲ್ಲಿ, ಅಂದರೆ ಚೀನಾದಿಂದ ಬಂದ, ಅರ್ಥ ಸೂಚಿಸುವ ಅಕ್ಷರಗಳಲ್ಲಿ. ದಿನಬಳಕೆಗೆ ಅಂತ ಅಲ್ಲಿನ ಸರ್ಕಾರ ಗುರುತಿಸಿರುವುದೇ 2,136. ಅದನ್ನು ಈಗಲೇ ತಲೆಗೆ ಹಚ್ಚಿಕೊಳ್ಳಬೇಡಿ.

ವಯಸ್ಸಾಯಿತು, ನೆನಪು ನಿಲ್ಲಲ್ಲ ಅಂದಿರಿ. ಓದಿದ್ದನ್ನೇ ಮತ್ತೆ ಮತ್ತೆ ಓದಿದರೆ ಯಾರಿಗೂ ನಿಲ್ಲಲ್ಲ. ಪುಸ್ತಕ ಮುಚ್ಚಿ, ‘ನಾಳೆ ಅನ್ನುವುದಕ್ಕೆ ಜಪಾನಿಯಲ್ಲಿ ಏನು?’ ಅಂತ ನಿಮ್ಮನ್ನೇ ಕೇಳಿಕೊಳ್ಳಿ. ಇವತ್ತು, ನಾಳೆ, ನಾಲ್ಕು ದಿನ ಬಿಟ್ಟು, ಹತ್ತು ದಿನ ಬಿಟ್ಟು ಕೇಳಿಕೊಳ್ಳಿ. ಕಲಿತದ್ದು ಎಷ್ಟು ಬೇಗ ಮರೆಯುತ್ತದೆ ಅಂತ ಜರ್ಮನಿಯ ಮನಶ್ಶಾಸ್ತ್ರಜ್ಞ ಎಬ್ಬಿಂಗ್‌ಹೌಸ್ ತನ್ನ ಮೇಲೇ ಪ್ರಯೋಗ ಮಾಡಿ 1885ರಲ್ಲಿ ಬರೆದ. ಹೀಗೆ ಬಿಟ್ಟು ಬಿಟ್ಟು ನೆನಪಿಸಿಕೊಂಡರೆ ಮರೆವು ನಿಧಾನವಾಗುತ್ತದೆ. ಆಂಕಿ ಅನ್ನುವ ಆ್ಯಪ್ ಈ ಲೆಕ್ಕವನ್ನು ತಾನೇ ಇಟ್ಟುಕೊಳ್ಳುತ್ತದೆ, ಆಂಡ್ರಾಯ್ಡಿನಲ್ಲಿ ಪುಕ್ಕಟೆ. ಕಾರ್ಡಿನ ಒಂದು ಬದಿ ಜಪಾನಿ, ಇನ್ನೊಂದು ಬದಿ ಕನ್ನಡ. ಬಿಡಿ ಪದ ಬೇಡ, ಪುಟ್ಟ ವಾಕ್ಯ ಹಾಕಿ. ರೆಡಿಮೇಡ್ ಕಾರ್ಡುಗಳು ಜಾಸ್ತಿ ಇಂಗ್ಲಿಷಿನವು, ನೀವೇ ಮಾಡಿಕೊಳ್ಳಿ. ಮಾಡುವಾಗಲೇ ಅರ್ಧ ಕಲಿತಿರುತ್ತೀರಿ.

ರೈಲಿನ ಹೊತ್ತು ಕೇಳುವುದಕ್ಕೆ ಇಡಿ. ಜಪಾನಿನ ಸಾರ್ವಜನಿಕ ಪ್ರಸಾರ ಸಂಸ್ಥೆಯ ಎನ್‌ಎಚ್‌ಕೆ ವರ್ಲ್ಡ್‌ನಲ್ಲಿ ಉಚಿತ ಪಾಠಗಳಿವೆ. ವಿವರಣೆ ಇಂಗ್ಲಿಷಿನಲ್ಲಿದ್ದರೂ ಸಂಭಾಷಣೆ ಚಿಕ್ಕದು, ಅದೇ ನಿಮಗೆ ಬೇಕಾದದ್ದು. ಒಂದೇ ಸಂಭಾಷಣೆ ಬಾಯಿಗೆ ಬರುವ ತನಕ ಕೇಳಿ. ಮನೆಗೆ ಬಂದ ಮೇಲೆ ಅದರ ಜೊತೆಜೊತೆಗೇ ಗಟ್ಟಿಯಾಗಿ ಹೇಳಿ. ಮನಸ್ಸಿನಲ್ಲೇ ಹೇಳಿಕೊಂಡರೆ ಸಾಲದು, ನಾಲಿಗೆ ತಿರುಗಬೇಕು.

ಇನ್ನು ಪರೀಕ್ಷೆ. ಜಪಾನಿ ಭಾಷೆ ಎಷ್ಟು ಬರುತ್ತದೆ ಅಂತ ಅಳೆಯುವ ಜೆಎಲ್‌ಪಿಟಿಯಲ್ಲಿ ಎನ್5ರಿಂದ ಎನ್1ರವರೆಗೆ ಐದು ಹಂತ. ಎನ್5 ಎಲ್ಲಕ್ಕಿಂತ ಸುಲಭ. ಬೆಂಗಳೂರಿನಲ್ಲೇ ಬರೆಯಬಹುದು. ಆದರೆ ಅದರಲ್ಲಿ ಮಾತಾಡುವ ಪರೀಕ್ಷೆಯೇ ಇಲ್ಲ. ಸರ್ಟಿಫಿಕೇಟಿನಿಂದ ಬಡ್ತಿ ಸಿಗುವುದಾದರೆ ಬರೆಯಿರಿ. ಮಾತಾಡುವುದೇ ಗುರಿಯಾದರೆ ಆ ಫೀಸಿನ ದುಡ್ಡಿಗೆ, ತಪ್ಪು ತಿದ್ದುವ ಒಬ್ಬ ಮೇಷ್ಟ್ರ ಜೊತೆ ಆನ್‌ಲೈನಿನಲ್ಲಿ ವಾರಕ್ಕೆ ಅರ್ಧ ಗಂಟೆ ಮಾತಾಡಿ. ಕಾರ್ಖಾನೆಗಳಲ್ಲಿ ಬಳಸುವ ಜಪಾನಿ ಪದಗಳಾದ ಕೈಜೆನ್ (ಸ್ವಲ್ಪಸ್ವಲ್ಪವಾಗಿ ಸುಧಾರಿಸುವುದು), ಕಾನ್‌ಬಾನ್ (ಕೆಲಸದ ಹಂತ ತೋರಿಸುವ ಕಾರ್ಡು), ‘ಸೇರಿ’ (ಬೇಡದ್ದನ್ನು ಬೇರ್ಪಡಿಸುವುದು), ‘ಸೇತೊನ್’ (ಒಪ್ಪವಾಗಿ ಜೋಡಿಸಿಡುವುದು) ಎಲ್ಲ ನಿಮಗೆ ಆಗಲೇ ಗೊತ್ತಲ್ಲ, ಮೊದಲ ಮಾತುಕತೆ ಅದರ ಮೇಲೇ ಇರಲಿ.