ಸಂಪಾದಕರ ಉತ್ತರ: ನೀಟ್ ಕೈಕೊಟ್ಟ ಮೇಲೆ

ವಿಜಯನಗರದ ಓದುಗರೊಬ್ಬರು ಉದ್ದದ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕಿಲ್ಲ. ಈಗಷ್ಟೇ ಪಿಯುಸಿ ಮುಗಿಸಿದ ಹುಡುಗಿ. ಎಂಜಿನಿಯರಿಂಗ್ ಓದುತ್ತಿರುವ ಅಣ್ಣನಿಗೆ ಅಲ್ಸರೇಟಿವ್ ಕೊಲೈಟಿಸ್ ಎಂಬ ದೊಡ್ಡ ಕರುಳಿನ ಕಾಯಿಲೆ. ಮಲದಲ್ಲಿ ರಕ್ತ ಕಂಡಾಗ ಮೂಲವ್ಯಾಧಿ ಇರಬೇಕು ಎಂದು ಮನೆಯವರು ತಿಂಗಳುಗಟ್ಟಲೆ ಮುಲಾಮು, ಮಜ್ಜಿಗೆ ಅಂತ ಕಳೆದರಂತೆ. ಕ್ಯಾಮೆರಾ ಇರುವ ಕೊಳವೆಯಿಂದ ದೊಡ್ಡ ಕರುಳಿನ ಒಳಗೆ ನೋಡುವ ಕೊಲೊನೋಸ್ಕೋಪಿ ಆದ ಮೇಲೆ ಕಾಯಿಲೆಯ ಹೆಸರು ಗೊತ್ತಾಯಿತು. ಈ ಹುಡುಗಿಗೆ ನೀಟ್‌ನಲ್ಲಿ ಸೀಟು ಸಿಗುವಷ್ಟು ರ‍್ಯಾಂಕ್ ಬರಲಿಲ್ಲ. ಅಪ್ಪ "ಇನ್ನೊಂದು ವರ್ಷ ಲಾಂಗ್ ಟರ್ಮ್ ಕೋಚಿಂಗ್ ಸೇರು" ಅನ್ನುತ್ತಾರೆ. ಅಮ್ಮ "ಏನಾದರೂ ಓದು, ನರ್ಸಿಂಗ್ ಮಾತ್ರ ಬೇಡ" ಅನ್ನುತ್ತಾರೆ. ಪ್ರಶ್ನೆ ಇದು: "ಡಾಕ್ಟರ್ ಆಗದೆ ಅಣ್ಣನಂಥವರಿಗೆ ನಾನು ಏನು ಮಾಡಬಹುದು? ಸುಮ್ನೆ ಸಮಾಧಾನದ ಮಾತು ಬೇಡ."

ಸರಿ ತಂಗಿ, ಸಮಾಧಾನ ಹೇಳುವುದಿಲ್ಲ. ಅಪ್ಪನ ಲೆಕ್ಕದಿಂದಲೇ ಶುರು ಮಾಡೋಣ. ನಿಮ್ಮಣ್ಣನನ್ನು ನೋಡುತ್ತಿರುವ ಗ್ಯಾಸ್ಟ್ರೋ ಡಾಕ್ಟರ್ ಆಗಬೇಕಾದರೆ ಇಂಟರ್ನ್‌ಶಿಪ್ ಸೇರಿ ಎಂಬಿಬಿಎಸ್ ಐದೂವರೆ ವರ್ಷ, ಎಂಡಿ ಮೂರು ವರ್ಷ, ಡಿಎಂ ಎಂಬ ಸೂಪರ್ ಸ್ಪೆಷಾಲಿಟಿ ಮತ್ತೆ ಮೂರು ವರ್ಷ. ನಡುವೆ ಇನ್ನೆರಡು ಪ್ರವೇಶ ಪರೀಕ್ಷೆ. ಎಲ್ಲೂ ಎಡವದಿದ್ದರೂ ಹನ್ನೊಂದೂವರೆ ವರ್ಷ. ಕರುಳಿನ ಆಪರೇಷನ್ ಮಾಡುವವರಾಗಲು ಎಂಎಸ್, ಎಂಸಿಎಚ್ ಎಂಬ ಸರ್ಜರಿ ಪದವಿಗಳ ದಾರಿ, ಅದೂ ಅಷ್ಟೇ ಉದ್ದ. ಡಾಕ್ಟರ್ ಆಗಲೇಬೇಕೆಂಬ ಆಸೆ ನಿಮ್ಮದೇ ಆಗಿದ್ದರೆ ಒಂದು ವರ್ಷ ಕೊಟ್ಟು ನೋಡಿ, ತಪ್ಪೇನಿಲ್ಲ. ಆದರೆ ನಿಮ್ಮ ಪತ್ರದಲ್ಲಿ ಡಾಕ್ಟರ್ ಅನ್ನುವ ಪದ ಬಂದಲ್ಲೆಲ್ಲ ಪಕ್ಕದಲ್ಲಿ ಅಪ್ಪ ಇದ್ದಾರೆ.

ಈ ಕಾಯಿಲೆಯ ಸ್ವಭಾವ ನಿಮಗೆ ಗೊತ್ತೇ ಇದೆ. ದೊಡ್ಡ ಕರುಳಿನ ಒಳಪದರದಲ್ಲಿ ಉರಿಯೂತ. ಗುದದ್ವಾರದ ಒಳಗಿನಿಂದ ಶುರುವಾಗಿ ಮೇಲಕ್ಕೆ ಹಬ್ಬುತ್ತದೆ. ಕೆಲವು ಕಾಲ ತಣ್ಣಗಿರುತ್ತದೆ, ಆಮೇಲೆ ಮತ್ತೆ ಕೆರಳುತ್ತದೆ. ಔಷಧಿಯಿಂದ ಹತೋಟಿಯಲ್ಲಿಡಬಹುದು, ಆದರೆ ಒಂದು ಕೋರ್ಸ್ ಮಾತ್ರೆ ನುಂಗಿ ಮರೆತುಬಿಡುವ ಕಾಯಿಲೆ ಅಲ್ಲ. ಜಾಸ್ತಿ ಜನಕ್ಕೆ ಓದುವ, ದುಡಿಯುವ ವಯಸ್ಸಿನಲ್ಲೇ ಬರುತ್ತದೆ. ಅಂದ ಮೇಲೆ ರೋಗಿ ಎಷ್ಟೋ ವರ್ಷ ಆಸ್ಪತ್ರೆಗೆ ನಡೆಯಬೇಕು. ಡಾಕ್ಟರ್ ಮುಂದೆ ಕೂರುವುದು ಹತ್ತು ನಿಮಿಷ. ಮಿಕ್ಕ ಹೊತ್ತೆಲ್ಲ ಬೇರೆಯವರ ಕೈಯಲ್ಲಿ. ಆ ಬೇರೆಯವರ ಕೆಲಸ ಏನು ಅಂತ ನಮ್ಮ ಮನೆಗಳಲ್ಲಿ ಯಾರೂ ವಿಚಾರಿಸುವುದಿಲ್ಲ.

ಕೊಲೊನೋಸ್ಕೋಪಿಯಂಥ ಪರೀಕ್ಷೆ ನಡೆಯುವ ಎಂಡೋಸ್ಕೋಪಿ ಕೋಣೆಯನ್ನೇ ನೋಡಿ. ಡಾಕ್ಟರ್ ಕಣ್ಣು ಪರದೆಯ ಮೇಲಿರುತ್ತದೆ. ಕೊಳವೆ ಕರುಳಿನ ತಿರುವಿನಲ್ಲಿ ಸಿಕ್ಕಿಕೊಂಡರೆ ರೋಗಿಯ ಹೊಟ್ಟೆಯನ್ನು ಎಲ್ಲಿ, ಎಷ್ಟು ಒತ್ತಬೇಕು ಅಂತ ಗೊತ್ತಿರುವುದು ಪಕ್ಕದಲ್ಲಿ ನಿಂತ ನರ್ಸ್‌ಗೆ ಅಥವಾ ಟೆಕ್ನಿಷಿಯನ್‌ಗೆ. ಡಾಕ್ಟರ್ "ಓಪನ್" ಅಂದಾಗ, ಪರೀಕ್ಷೆಗೆ ಕರುಳಿನ ತುಣುಕು ತೆಗೆಯುವ ಬಯಾಪ್ಸಿ ಇಕ್ಕಳ ತೆರೆಯುವುದು, "ಕ್ಲೋಸ್" ಅಂದಾಗ ಮುಚ್ಚುವುದು ಇವರ ಬೆರಳು. ಅಕ್ಕಿಕಾಳಿಗಿಂತ ಸಣ್ಣ ತುಣುಕನ್ನು ಫಾರ್ಮಲಿನ್ ಬಾಟಲಿಗೆ ಹಾಕಿ, ಕರುಳಿನ ಯಾವ ಭಾಗದ್ದು ಅಂತ ಚೀಟಿ ಅಂಟಿಸುತ್ತಾರೆ. ಆ ಚೀಟಿ ಅದಲುಬದಲಾದರೆ ತುಣುಕನ್ನು ಪರೀಕ್ಷಿಸುವ ಪೆಥಾಲಜಿಸ್ಟ್ ಎಷ್ಟೇ ಜಾಣರಾಗಿದ್ದರೂ ರಿಪೋರ್ಟ್ ತಪ್ಪು. ಆಮೇಲೆ ಸ್ಕೋಪ್, ಅಂದರೆ ಆ ಕೊಳವೆ, ತೊಳೆಯುವ ಕೆಲಸ. ಎಲ್ಲಾದರೂ ಸೋರುತ್ತಿದೆಯಾ ಅಂತ ಮೊದಲು ಪರೀಕ್ಷೆ, ಒಳಗಿನ ನಾಳಗಳಿಗೆ ಬ್ರಷ್, ಸೋಂಕುನಾಶಕದಲ್ಲಿ ಮುಳುಗಿಸುವುದು, ಪೂರ್ತಿ ಒಣಗಿಸಿ ನೇತುಹಾಕುವುದು. ಇದರಲ್ಲಿ ಸೋಮಾರಿತನ ಮಾಡಿದರೆ ಒಬ್ಬರ ಸೋಂಕು ಇನ್ನೊಬ್ಬರಿಗೆ ದಾಟುತ್ತದೆ. ನರ್ಸಿಂಗ್ ಓದಿದವರೂ ಆಪರೇಷನ್ ಥಿಯೇಟರ್ ಟೆಕ್ನಾಲಜಿ ಓದಿದವರೂ ಈ ಕೆಲಸಕ್ಕೆ ಬರುತ್ತಾರೆ.

ಇನ್ನು ಇನ್ಫ್ಯೂಷನ್, ಅಂದರೆ ಡ್ರಿಪ್‌ನಲ್ಲಿ ಔಷಧಿ ಕೊಡುವುದು. ಮಾತ್ರೆಗೆ ಬಗ್ಗದ ಕಾಯಿಲೆಗೆ ಇನ್‌ಫ್ಲಿಕ್ಸಿಮ್ಯಾಬ್‌ನಂಥ ಬಯಾಲಜಿಕ್ ಔಷಧಿ ಕೊಡುತ್ತಾರೆ. ಮೊದಲ ಡೋಸ್ ಆದ ಮೇಲೆ 2ನೇ ವಾರ, 6ನೇ ವಾರ, ನಂತರ ಸಾಮಾನ್ಯವಾಗಿ 8 ವಾರಕ್ಕೊಮ್ಮೆ ಡ್ರಿಪ್. ಅದಕ್ಕೂ ಮೊದಲು ಮೈಯಲ್ಲಿ ಟಿಬಿ ಅಡಗಿ ಕೂತಿದೆಯಾ ಅಂತ ನೋಡಲೇಬೇಕು, ಯಾಕಂದರೆ ಈ ಔಷಧಿ ಕೊಟ್ಟಾಗ ಅದು ಎದ್ದು ಕೂರಬಹುದು. ಪುಡಿಯನ್ನು ನೀರಿಗೆ ಬೆರೆಸುವಾಗ ಬಾಟಲಿ ಕುಲುಕುವ ಹಾಗಿಲ್ಲ, ಮೆಲ್ಲಗೆ ತಿರುಗಿಸಬೇಕು. ಡ್ರಿಪ್ ಇಳಿಯುವ ಎರಡು ತಾಸು ನರ್ಸ್ ಬಿಪಿ ನೋಡುತ್ತಾರೆ, ತುರಿಕೆ ಬಂತಾ, ಎದೆ ಬಿಗಿಯಿತಾ ಅಂತ ಕೇಳುತ್ತಿರುತ್ತಾರೆ. ಆ ಹೊತ್ತಿನಲ್ಲೇ ರೋಗಿ ಡಾಕ್ಟರಿಗೆ ಹೇಳದ್ದನ್ನೆಲ್ಲ ಹೇಳುವುದು. ದಿನಕ್ಕೆ ನಿಜವಾಗಿ ಎಷ್ಟು ಸಲ ಹೋಗುತ್ತೇನೆ, ಯಾವ ಮಾತ್ರೆ ನಿಲ್ಲಿಸಿಬಿಟ್ಟೆ, ಮೆಜೆಸ್ಟಿಕ್‌ನಿಂದ ಬಸ್ ಹತ್ತಲು ಯಾಕೆ ಭಯ.

ಅಮ್ಮನಿಗೆ ಇದನ್ನು ಓದಿ ಹೇಳಿ. ಅಮೆರಿಕದ ಓಹಾಯೋದಲ್ಲಿ ನಾರ್ಮಾ ಗಿಲ್ ಎಂಬ ಮಹಿಳೆ ಇದ್ದರು. ನಿಮ್ಮಣ್ಣನದೇ ಕಾಯಿಲೆ. 1954ರಲ್ಲಿ ಆಪರೇಷನ್ ಆಗಿ, ಮಲ ಹೊಟ್ಟೆಯ ಮೇಲಿನ ದಾರಿಯಿಂದ ಚೀಲಕ್ಕೆ ಬೀಳುವಂತೆ ಮಾಡಿದರು. ಅದಕ್ಕೆ ಇಲಿಯೋಸ್ಟಮಿ, ಆ ದಾರಿಗೆ ಸ್ಟೋಮಾ ಅನ್ನುತ್ತಾರೆ. ಅದರ ಜೊತೆ ಬದುಕುವುದನ್ನು ಅವರು ತಾವೇ ಕಲಿತರು, ಬೇರೆ ರೋಗಿಗಳಿಗೂ ಹೇಳಿಕೊಡತೊಡಗಿದರು. ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನ ಸರ್ಜನ್ ರೂಪರ್ಟ್ ಟರ್ನ್‌ಬುಲ್ 1958ರಲ್ಲಿ ಅವರನ್ನು ಕೆಲಸಕ್ಕೇ ಕರೆದುಕೊಂಡರು. 1961ರಲ್ಲಿ ಇದಕ್ಕೆ ಅಂತಲೇ ತರಬೇತಿ ಶುರುವಾಯಿತು. ಇವತ್ತಿನ ಸ್ಟೋಮಾ ನರ್ಸ್ ಅನ್ನುವ ವೃತ್ತಿ ಹುಟ್ಟಿದ್ದು ಹೀಗೆ, ಒಬ್ಬ ರೋಗಿಯಿಂದ.

ಸ್ಟೋಮಾ ನರ್ಸ್ ಕೆಲಸ ಕೈಕೆಲಸವೂ ಹೌದು, ಲೆಕ್ಕಾಚಾರವೂ ಹೌದು. ಆಪರೇಷನ್‌ಗೆ ಮುಂಚೆಯೇ ರೋಗಿಯನ್ನು ಕೂರಿಸಿ, ನಿಲ್ಲಿಸಿ, ಬಗ್ಗಿಸಿ ಹೊಟ್ಟೆಯ ಮೇಲೆ ಜಾಗ ಗುರುತು ಮಾಡುತ್ತಾರೆ. ಪ್ಯಾಂಟಿನ ಸೊಂಟಪಟ್ಟಿ ಬರುವಲ್ಲಿ ಬೇಡ, ಸೀರೆಯ ನೆರಿಗೆ ಸಿಕ್ಕಿಸುವಲ್ಲಿ ಬೇಡ, ಬಗ್ಗಿದಾಗ ಮಡಿಕೆ ಬೀಳುವಲ್ಲಿ ಬೇಡ, ರೋಗಿಯ ಕಣ್ಣಿಗೆ ಕಾಣಲೂ ಬೇಕು. ಚೀಲದ ಅಂಟುಬಿಲ್ಲೆಯಲ್ಲಿ ತೂತು ಸ್ವಲ್ಪ ದೊಡ್ಡದಾದರೂ ಸಣ್ಣ ಕರುಳಿನ ರಸ ತಾಗಿ ಚರ್ಮ ಸುಟ್ಟಂತೆ ಆಗುತ್ತದೆ. ಅಲ್ಸರೇಟಿವ್ ಕೊಲೈಟಿಸ್ ಇರುವ ಎಲ್ಲರಿಗೂ ಆಪರೇಷನ್ ಬೇಕಾಗುವುದಿಲ್ಲ, ನಿಮ್ಮ ಮನೆಯಲ್ಲಿ ಗಾಬರಿ ಬೇಡ. ಆದರೆ ಬೇಕಾದವರಿಗೆ ಈ ಕೆಲಸ ಬಲ್ಲವರೊಬ್ಬರು ಸಿಕ್ಕರೆ ಬದುಕೇ ಬೇರೆ.

ಡಯಟೀಷಿಯನ್ ಕೆಲಸವೂ ನಿಮಗೆ ಹೊಂದಬಹುದು. ನಿಮ್ಮಣ್ಣನಿಗೆ ಒಬ್ಬರು ಹಾಲು ಬಿಡು ಅಂದರು, ಇನ್ನೊಬ್ಬರು ಗೋಧಿ, ಮತ್ತೊಬ್ಬರು ಖಾರ, ಕೊನೆಗೆ ಹುಡುಗ ಗಂಜಿ ಕುಡಿದು ಸೊರಗಿದ ಅಂತ ಬರೆದಿದ್ದೀರಿ. ಇದು ಎಲ್ಲ ಮನೆಯ ಕಥೆ. ಕಾಯಿಲೆ ಕೆರಳಿದಾಗ ಮೆದು ಅನ್ನ, ಇಡ್ಲಿ ಸರಿ, ಒರಟು ನಾರು ಕಡಿಮೆ ಇರಲಿ. ತಣ್ಣಗಾದ ಮೇಲೆ ಒಂದೊಂದೇ ಪದಾರ್ಥವನ್ನು ತಟ್ಟೆಗೆ ವಾಪಸ್ ತರುವುದೇ ಡಯಟೀಷಿಯನ್ ಕೆಲಸ. ರಕ್ತ ಹೋದವರಿಗೆ ಕಬ್ಬಿಣದ ಅಂಶ ಬೇಕು. ಸ್ಟೆರಾಯ್ಡ್ ತಗೊಂಡವರ ಮೂಳೆಗೆ ಕ್ಯಾಲ್ಸಿಯಂ ಬೇಕು, ಅದು ರಾಗಿಯಲ್ಲಿ ಜಾಸ್ತಿ ಇದೆ. ಒಗ್ಗಿದರೆ ಮುದ್ದೆಯನ್ನು ಯಾಕೆ ಬಿಡಬೇಕು? ಇದಕ್ಕೆ ನ್ಯೂಟ್ರಿಷನ್‌ನಲ್ಲಿ ಬಿಎಸ್ಸಿ, ಎಂಎಸ್ಸಿ ಮಾಡಿ, ಇಂಡಿಯನ್ ಡಯಟೆಟಿಕ್ ಅಸೋಸಿಯೇಷನ್‌ನ ರಿಜಿಸ್ಟರ್ಡ್ ಡಯಟೀಷಿಯನ್ ಪರೀಕ್ಷೆ ಬರೆಯಬೇಕು.

ಫಾರ್ಮಸಿ ಕಡೆ ಡಿ.ಫಾರ್ಮ್ ಎರಡು ವರ್ಷ, ಬಿ.ಫಾರ್ಮ್ ನಾಲ್ಕು, ಫಾರ್ಮ್.ಡಿ ಆರು. ಈ ಕಾಯಿಲೆಗೆ ಕೊಡುವ ಮೆಸಲಮೈನ್ ಮಾತ್ರೆಯನ್ನು ಪುಡಿ ಮಾಡಬೇಡಿ, ಹಳೇ ಚೀಟಿಯಲ್ಲಿ ಸ್ಟೆರಾಯ್ಡ್ ಕೊಡಲ್ಲ, ಈ ಕಾಯಿಲೆ ಇರುವವರಿಗೆ ಡೈಕ್ಲೋಫಿನ್ಯಾಕ್‌ನಂಥ ನೋವಿನ ಮಾತ್ರೆ ಒಳ್ಳೆಯದಲ್ಲ ಅಂತ ಹೇಳುವ ಧೈರ್ಯ ಇರುವ ಫಾರ್ಮಸಿಸ್ಟ್ ಪ್ರತಿ ಬೀದಿಗೂ ಬೇಕು. ಲ್ಯಾಬ್ ಟೆಕ್ನಾಲಜಿ, ಸೈಕಾಲಜಿಯೂ ಇವೆ, ಆದರೆ ಜನರ ಪಕ್ಕ ನಿಲ್ಲಬೇಕು, ಬೇಗ ದುಡಿಯಬೇಕು ಎಂದು ಬರೆದಿರುವ ನಿಮಗೆ ಅವೆರಡೂ ಅಷ್ಟಾಗಿ ಹೊಂದುವುದಿಲ್ಲ.

ನನ್ನ ಓಟು ಬಿಎಸ್ಸಿ ನರ್ಸಿಂಗ್‌ಗೆ. ನಾಲ್ಕು ವರ್ಷ. ಎಂಡೋಸ್ಕೋಪಿ, ಇನ್ಫ್ಯೂಷನ್, ಸ್ಟೋಮಾ, ಮೂರೂ ಬಾಗಿಲು ಅಲ್ಲಿಂದ ತೆರೆಯುತ್ತವೆ. ಅಮ್ಮನ ಭಯ ಸುಳ್ಳಲ್ಲ. ನೈಟ್ ಡ್ಯೂಟಿ ಇದೆ, ಶುರುವಿನ ಸಂಬಳ ಕಡಿಮೆ, ಬೈಸಿಕೊಳ್ಳುವುದೂ ಇದೆ. ಗೊತ್ತಿದ್ದೇ ಹೋಗಿ.

ಬೆಂಗಳೂರಿನಲ್ಲಿ ನರ್ಸಿಂಗ್ ಕಾಲೇಜುಗಳಿಗೆ ಬರವಿಲ್ಲ, ಏಜೆಂಟರಿಗಂತೂ ಇಲ್ಲವೇ ಇಲ್ಲ. ಮಲ್ಲೇಶ್ವರದ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಪ್ರಕಟಣೆ ನೋಡಿ, ರಾಜೀವ್ ಗಾಂಧಿ ಆರೋಗ್ಯ ವಿವಿಯ ಮಾನ್ಯತೆ ಇದೆಯಾ ನೋಡಿ. ಆಮೇಲೆ ಒಂದೇ ಪ್ರಶ್ನೆ ಕೇಳಿ: ವಾರ್ಡ್ ಪೋಸ್ಟಿಂಗ್ ಯಾವ ಆಸ್ಪತ್ರೆಯಲ್ಲಿ? ತಡವರಿಸಿದರೆ ಎದ್ದು ಬನ್ನಿ. ಕಟ್ಟಡ, ಬಸ್ಸು, ಯೂನಿಫಾರ್ಮ್ ಎಲ್ಲ ಇದ್ದು ರೋಗಿಗಳೇ ಇಲ್ಲದ ಕಡೆ ನರ್ಸಿಂಗ್ ಕಲಿಯಲು ಆಗದು.

ಇನ್ನೊಂದು ಮಾತು. ಅಣ್ಣನ ನರ್ಸ್ ಆಗಲು ಹೋಗಬೇಡಿ. ಅವರಿಗೆ ತಂಗಿ ಸಾಕು. ದಿನಾ "ಇವತ್ತು ಎಷ್ಟು ಸಲ?" ಅಂತ ಕೇಳುವವರು ಮನೆಯಲ್ಲಿ ಈಗಾಗಲೇ ಇಬ್ಬರಿದ್ದಾರೆ, ಅಲ್ವಾ?

ಪತ್ರದ ಕೊನೆಗೆ ಸಣ್ಣ ಅಕ್ಷರದಲ್ಲಿ "ನನಗೂ ಬರುತ್ತಾ?" ಎಂದು ಕೇಳಿದ್ದೀರಿ. ಒಡಹುಟ್ಟಿದವರಿಗೆ ಸಾಧ್ಯತೆ ಉಳಿದವರಿಗಿಂತ ಜಾಸ್ತಿ, ಆದರೂ ಹೆಚ್ಚಿನವರಿಗೆ ಬರುವುದೇ ಇಲ್ಲ. ಇದು ಅಂಟುರೋಗವೂ ಅಲ್ಲ. ಮಲದಲ್ಲಿ ರಕ್ತ ಕಂಡರೆ ಮುಲಾಮು ಹುಡುಕದೆ ಡಾಕ್ಟರಿಗೆ ತೋರಿಸಿ. ಮತ್ತೆ, ಆಸ್ಪತ್ರೆಯ ಯಾವ ಕೋರ್ಸ್ ಸೇರಿದರೂ ಹೆಪಟೈಟಿಸ್ ಬಿ ಲಸಿಕೆ ಬೇಕಾಗುತ್ತದೆ. ಹಾಕಿಸಿಲ್ಲದಿದ್ದರೆ ಈಗಲೇ ಶುರು ಮಾಡಿ, ಮೂರು ಡೋಸ್ ಮುಗಿಯಲು ಆರು ತಿಂಗಳು ಹಿಡಿಯುತ್ತದೆ.